ಆಪ್‌ನ ಆ ತುದಿಯಲ್ಲಿ ಯಾರಿದ್ದಾರೆ?

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿದೆ, 9 ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಈ ಲೆಕ್ಕಕ್ಕೆ ಸಿಗದ ಇನ್ನೊಂದು ದೊಡ್ಡ ಗುಂಪಿದೆ. ವಾರಗಟ್ಟಲೆ ಮಾಯದ ಬಾಯಿಹುಣ್ಣು, ಸ್ನಾನ ಮಾಡುವಾಗ ಎದೆಯಲ್ಲಿ ಕೈಗೆ ಸಿಕ್ಕ ಗಂಟು, ಬಣ್ಣ ಬದಲಾದ ಮಚ್ಚೆ, ಅಮ್ಮನಿಗೋ ಅಕ್ಕನಿಗೋ ಬಂದಿದ್ದ ಕಾಯಿಲೆಯ ನೆನಪು, ಇವುಗಳಲ್ಲಿ ಯಾವುದೋ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಇದು ಅದೇ ಇರಬಹುದೇ’ ಎಂದು ನಿದ್ದೆಗೆಡುವವರ ಗುಂಪು ಅದು. ಅವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಇರುವ ಕೆಲವರಿಗೆ ಒಂದೊಂದು ತಿಂಗಳೂ ಮುಖ್ಯ. ಡಾಕ್ಟರಿಗಿಂತ ಮೊದಲು ಇವರ ಕೈಗೆ ಸಿಗುವುದು ಮೊಬೈಲ್, ಅದರೊಳಗೆ ಇಂಥವರಿಗೆಂದೇ ಮಾಡಿದ ಆಪ್‌ಗಳು ಬೇಕಾದಷ್ಟಿವೆ. ಮಚ್ಚೆಯ ಫೋಟೊ ನೋಡಿ ಅಪಾಯ ಎಷ್ಟೆಂದು ಹೇಳುವವು, ಲಕ್ಷಣ ಕೇಳಿ ಕಾಯಿಲೆಯ ಹೆಸರು ಊಹಿಸುವವು, ತಿಂಗಳಿಗೊಮ್ಮೆ ಸ್ತನ ಪರೀಕ್ಷಿಸಿಕೊಳ್ಳಿ ಎಂದು ನೆನಪಿಸುವವು, ಕಿಮೋ ನಡೆಯುತ್ತಿರುವವರ ಸಂಕಟವನ್ನು ಆಸ್ಪತ್ರೆಗೆ ಮುಟ್ಟಿಸುವವು, ಆರೋಗ್ಯ ಕಾರ್ಯಕರ್ತೆಯರೇ ಬಳಸುವವು. ಮೇಲ್ನೋಟಕ್ಕೆ ಎಲ್ಲವೂ ಒಂದೇ ಜಾತಿಯವೆಂದು ಕಾಣುತ್ತವೆ. ಆದರೆ ಇವುಗಳ ಬಗ್ಗೆ ಇದುವರೆಗೆ ನಡೆದ ಅಧ್ಯಯನಗಳನ್ನು ಜೊತೆಗಿಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು: ಆಪ್ ಎಷ್ಟು ಜಾಣ ಎನ್ನುವುದಕ್ಕಿಂತ ಅದರ ಆ ತುದಿಯಲ್ಲಿ ಯಾರಿದ್ದಾರೆ ಎನ್ನುವುದೇ ರೋಗಿಗೆ ಒಳ್ಳೆಯದಾಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದೆ.

ಚರ್ಮದ ಕ್ಯಾನ್ಸರಿನಿಂದ ಶುರು ಮಾಡಬೇಕು, ಏಕೆಂದರೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಆಪ್‌ಗಳು ಅಲ್ಲಿನವು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಲ್ಲಿ ಹೆಚ್ಚು. ಬೇಗ ಸಿಕ್ಕರೆ ಕತ್ತರಿಸಿ ತೆಗೆದು ಗುಣಪಡಿಸಬಹುದು, ತಡವಾದರೆ ಮೈಯೆಲ್ಲ ಹರಡುತ್ತದೆ. ಕಾಯಿಲೆ ಕಣ್ಣಿಗೆ ಕಾಣುವಂಥದ್ದು, ಕೈಯಲ್ಲಿ ಕ್ಯಾಮೆರಾ ಇದೆ; ಫೋಟೊದಿಂದ ಪತ್ತೆ ಹಚ್ಚುವ ಆಲೋಚನೆ ಸಹಜವಾಗಿಯೇ ಬಂತು. 2013ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ನಾಲ್ಕು ಆಪ್‌ಗಳಿಗೆ 188 ಮಚ್ಚೆಗಳ ಚಿತ್ರ ಕೊಟ್ಟು ನೋಡಿದರು. ಯಾವುದು ಕ್ಯಾನ್ಸರ್, ಯಾವುದು ಅಲ್ಲ ಎಂಬುದು ಪ್ರಯೋಗಾಲಯದಲ್ಲಿ ಮೊದಲೇ ಖಚಿತವಾಗಿತ್ತು, 60 ಮೆಲನೋಮಾಗಳಿದ್ದವು. ನಾಲ್ಕರಲ್ಲಿ ಮೂರು ಆಪ್‌ಗಳು ಮೆಲನೋಮಾಗಳ ಪೈಕಿ ಶೇ. 30ರಷ್ಟನ್ನೋ ಅದಕ್ಕೂ ಹೆಚ್ಚನ್ನೋ ಚಿಂತೆಯಿಲ್ಲದವು ಎಂದು ಬಿಟ್ಟುಬಿಟ್ಟವು. ಅತಿ ದುರ್ಬಲವಾದದ್ದು ನೂರಕ್ಕೆ ಏಳನ್ನು ಮಾತ್ರ ಹಿಡಿಯಿತು, ಅತಿ ಚುರುಕಾದದ್ದು ನೂರಕ್ಕೆ 98ನ್ನು. ಆ ಚುರುಕಾದ ಆಪ್ ಚಿತ್ರವನ್ನು ತಾನೇ ಅಳೆಯುತ್ತಿರಲಿಲ್ಲ, ಒಬ್ಬ ಚರ್ಮವೈದ್ಯರಿಗೆ ಕಳಿಸುತ್ತಿತ್ತು. ಎರಡು ವರ್ಷಗಳ ನಂತರ, 2015ರಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ‘ಮೆಲ್‌ಆಪ್’ ಮತ್ತು ‘ಮೋಲ್ ಡಿಟೆಕ್ಟಿವ್’ ಎಂಬ ಎರಡು ಆಪ್‌ಗಳ ಮಾರಾಟಗಾರರ ಮೇಲೆ ಕ್ರಮ ಕೈಗೊಂಡಿತು. ಫೋಟೊ ನೋಡಿ ಮೆಲನೋಮಾದ ಅಪಾಯ ಹೇಳುತ್ತೇವೆ ಎಂಬ ಅವರ ಪ್ರಚಾರಕ್ಕೆ ತಕ್ಕ ವೈಜ್ಞಾನಿಕ ಆಧಾರವಿಲ್ಲ ಎಂಬುದೇ ಆರೋಪ.

ಆಮೇಲಿನ ಆಪ್‌ಗಳು ಸುಧಾರಿಸಿವೆ, ಇದನ್ನು ಒಪ್ಪಿಕೊಳ್ಳಲೇಬೇಕು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಸಮೀಕ್ಷೆ ಆರು ಆಪ್‌ಗಳ ಮೇಲಿನ ಒಂಬತ್ತು ಅಧ್ಯಯನಗಳನ್ನು ಜಾಲಾಡಿತು. ಅವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾಗಿದ್ದ ನೆದರ್ಲೆಂಡ್ಸ್‌ನ ‘ಸ್ಕಿನ್‌ವಿಷನ್’ ಅಪಾಯಕಾರಿ ಮಚ್ಚೆಗಳಲ್ಲಿ ನೂರಕ್ಕೆ 80ನ್ನು ಹಿಡಿಯುತ್ತಿತ್ತು, ಅಪಾಯವಿಲ್ಲದವುಗಳಲ್ಲಿ ನೂರಕ್ಕೆ 78ನ್ನು ಸರಿಯಾಗಿ ಬಿಡುತ್ತಿತ್ತು. ಕೇಳಲು ಚೆನ್ನಾಗಿದೆ. ಇದೇ ಅಂಕಿಯನ್ನು ಸಾವಿರ ಜನರ ಮೇಲೆ ಇಟ್ಟು ಲೆಕ್ಕ ಹಾಕಿ. ಸಾವಿರದಲ್ಲಿ 30 ಮಂದಿಗೆ ಕಾಯಿಲೆ ಇದೆ ಎಂದುಕೊಂಡರೆ ಆಪ್ 24 ಜನರನ್ನು ಹಿಡಿಯುತ್ತದೆ, ಆರು ಜನರಿಗೆ ‘ಏನೂ ಇಲ್ಲ’ ಎಂದು ಹೇಳಿ ಮನೆಗೆ ಕಳಿಸುತ್ತದೆ, ಕಾಯಿಲೆಯೇ ಇಲ್ಲದ 213 ಜನರನ್ನು ಹೆದರಿಸುತ್ತದೆ. ಸಾವಿರಕ್ಕೆ ಒಬ್ಬರಿಗೆ ಮಾತ್ರ ಕಾಯಿಲೆ ಇರುವ ಜನಸಮುದಾಯದಲ್ಲಿ ಇದೇ ಆಪ್ ಆ ಒಬ್ಬರಿಗಾಗಿ 220 ಜನರ ನಿದ್ದೆ ಕೆಡಿಸುತ್ತದೆ. ಆಪ್ ಬದಲಾಗಿಲ್ಲ, ಅದನ್ನು ಹಿಡಿದುಕೊಂಡವರು ಬದಲಾಗಿದ್ದಾರೆ. ಕ್ಯಾನ್ಸರಿನ ಭಯ ಇರುವ, ಆದರೆ ಕ್ಯಾನ್ಸರ್ ಅಪರೂಪವಾಗಿರುವ ಜನರೇ ಇಂಥ ಆಪ್‌ಗಳ ಮುಖ್ಯ ಬಳಕೆದಾರರು ಎಂಬುದನ್ನು ನೆನಪಿಟ್ಟರೆ ಈ ಲೆಕ್ಕದ ಭಾರ ತಿಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಒಂದು ವಿಮಾ ಸಂಸ್ಥೆ ತನ್ನ ಗ್ರಾಹಕರಿಗೆ ಈ ಆಪನ್ನು ಉಚಿತವಾಗಿ ಕೊಟ್ಟಿತ್ತು. ಅದನ್ನು ಬಳಸಿದ ಸುಮಾರು 19 ಸಾವಿರ ಜನರನ್ನು ಬಳಸದವರೊಂದಿಗೆ ಹೋಲಿಸಿದ ಫಲಿತಾಂಶ 2023ರಲ್ಲಿ ಬಂತು. ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಯ ಚರ್ಮರೋಗ ಪತ್ತೆಯಾದವರು ಬಳಕೆದಾರರಲ್ಲಿ ಶೇ. 6, ಉಳಿದವರಲ್ಲಿ ಶೇ. 4.6. ಸ್ವಲ್ಪ ಲಾಭವಿದೆ. ಆದರೆ ನಿರುಪದ್ರವಿ ಮಚ್ಚೆ, ಗಂಟುಗಳಿಗಾಗಿ ಚಿಕಿತ್ಸೆಯ ಖರ್ಚು ಕೇಳಿದವರು ಒಂದು ಕಡೆ ಶೇ. 5.9, ಇನ್ನೊಂದು ಕಡೆ ಶೇ. 1.7. ನೆದರ್ಲೆಂಡ್ಸ್‌ನಲ್ಲಿ ಆ ಹೆಚ್ಚುವರಿ ಜನರನ್ನು ನೋಡಲು ಕುಟುಂಬ ವೈದ್ಯರಿದ್ದಾರೆ, ಖರ್ಚು ಭರಿಸಲು ವಿಮೆಯಿದೆ. ಎರಡೂ ಇಲ್ಲದ ಕಡೆ ಆ ಭಾರ ಹೋಗಿ ಬೀಳುವುದು ಹೆದರಿದವರ ಮನೆಯ ಮೇಲೆಯೇ.

ನಮ್ಮ ಚರ್ಮದ ವಿಷಯದಲ್ಲಿ ಇನ್ನೊಂದು ತೊಡಕಿದೆ, ಇದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ ಇಂಥ ಆಪ್‌ಗಳನ್ನು ಸುಲಭವಾಗಿ ಪಡೆಯಬಲ್ಲ ಕನ್ನಡಿಗರಿಗೆ ನೇರವಾಗಿ ತಟ್ಟುವಂಥದ್ದು. ಯಂತ್ರ ಕಲಿಯುವುದು ತನಗೆ ತೋರಿಸಿದ ಚಿತ್ರಗಳಿಂದ. ಚರ್ಮದ ಕ್ಯಾನ್ಸರ್ ಗುರುತಿಸಲು ಬಳಸುವ, ಯಾರು ಬೇಕಾದರೂ ಪಡೆಯಬಹುದಾದ 21 ಚಿತ್ರಸಂಗ್ರಹಗಳನ್ನು 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯ ಅಧ್ಯಯನವೊಂದು ಪರಿಶೀಲಿಸಿತು. ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳಲ್ಲಿ ಚರ್ಮದ ಬಣ್ಣ ದಾಖಲಾಗಿದ್ದದ್ದು 2,436ಕ್ಕೆ ಮಾತ್ರ. ಅವುಗಳಲ್ಲಿ ಕಂದು ಚರ್ಮದವು 10, ಗಾಢ ಕಂದು ಅಥವಾ ಕಪ್ಪು ಚರ್ಮದ್ದು ಒಂದೇ ಒಂದು. ಜನಾಂಗ ದಾಖಲಾಗಿದ್ದ ಚಿತ್ರಗಳಲ್ಲಿ ದಕ್ಷಿಣ ಏಷ್ಯಾ ಮೂಲದವರದು ಒಂದೂ ಇರಲಿಲ್ಲ. ನಮ್ಮಂಥ ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ, ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದು ಹೆಚ್ಚು. ಬೆನ್ನು, ಕಾಲುಗಳ ಮೇಲಿನ ಬಿಳಿ ಚರ್ಮದ ಮಚ್ಚೆಗಳನ್ನೇ ನೋಡಿ ಕಲಿತ ಯಂತ್ರ ಅಂಗಾಲಿನ ಕಪ್ಪು ಕಲೆಯ ಮುಂದೆ ಏನು ಹೇಳಿದರೂ ಅದನ್ನು ನಂಬಲು ಆಧಾರವಿಲ್ಲ. ಅಂಥ ಕಲೆ ಬೆಳೆಯುತ್ತಿದ್ದರೆ, ರಕ್ತ ಒಸರುತ್ತಿದ್ದರೆ, ಆಪ್ ಹಸಿರು ದೀಪ ತೋರಿಸಿದರೂ ಚರ್ಮವೈದ್ಯರ ಬಳಿ ಹೋಗಲೇಬೇಕು.

ಫೋಟೊ ಆಪ್‌ಗಳು ಹೋಗಲಿ, ಸ್ವಯಂ ಪರೀಕ್ಷೆಯನ್ನು ನೆನಪಿಸುವ ಆಪ್‌ನಿಂದ ಕೆಡುಕೇನು, ಜಾಗೃತಿ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಮೊಬೈಲಿಗೂ ಮೊದಲೇ ಸಿಕ್ಕಿದೆ. ಚೀನಾದ ಶಾಂಘೈ ನಗರದ ಜವಳಿ ಕಾರ್ಖಾನೆಗಳ 2,66,064 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ತನ ಪರೀಕ್ಷಿಸಿಕೊಳ್ಳುವುದನ್ನು ಶ್ರದ್ಧೆಯಿಂದ ಕಲಿಸಿ, ಮತ್ತೆ ಮತ್ತೆ ನೆನಪಿಸಿ, ವರ್ಷಗಟ್ಟಲೆ ಗಮನಿಸಲಾಯಿತು. ಅಂತಿಮ ಫಲಿತಾಂಶ ಹೊರಬಂದದ್ದು 2002ರಲ್ಲಿ. ಸ್ತನ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕಲಿಸಿದ ಗುಂಪಿನಲ್ಲಿ ನಿರುಪದ್ರವಿ ಗಂಟುಗಳಿಗಾಗಿ ಬಯಾಪ್ಸಿ ಮಾಡಿಸಿಕೊಂಡವರು ಹೆಚ್ಚಾದರು. ಮೈಮೇಲೆ ಹೊಸದೊಂದು ಗಂಟು ಕಂಡಾಗ ಸುಮ್ಮನಿರಬೇಕು ಎಂದು ಇದರ ಅರ್ಥವಲ್ಲ, ಗಂಟು ಕಂಡವರು ತಡಮಾಡದೆ ತೋರಿಸಿಕೊಳ್ಳಬೇಕು. ಆದರೆ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಡಿ. ಅಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷಿಸಿದರು. ಒಟ್ಟು ಗುಂಪಿನಲ್ಲಿ ಸಾವಿನ ಇಳಿಕೆ ಖಚಿತವೆನ್ನುವಷ್ಟು ಇರಲಿಲ್ಲ, 50 ದಾಟಿದವರಲ್ಲಿ ಮಾತ್ರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ತಗ್ಗಿತು. ನೆನಪಿಸುವ ಗಂಟೆಗೂ ಪರೀಕ್ಷಿಸುವ ಕೈಗೂ ಇರುವ ವ್ಯತ್ಯಾಸ ಇದು.

ಕರ್ನಾಟಕಕ್ಕೆ ಅತಿ ಹತ್ತಿರದ ಪ್ರಶ್ನೆ ಬಾಯಿ ಕ್ಯಾನ್ಸರಿನದು. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆ, ಬೀಡಿ, ಮದ್ಯ ಇವುಗಳ ನಡುವೆ ಬೆಳೆಯುವ ಈ ಕಾಯಿಲೆ ಬಹಳ ಸಲ ಬಿಳಿ ಅಥವಾ ಕೆಂಪು ಕಲೆಯಾಗಿ, ಮಾಯದ ಹುಣ್ಣಾಗಿ, ಬಾಯಿ ತೆರೆಯಲಾಗದ ಬಿಗಿತವಾಗಿ ಮುನ್ಸೂಚನೆ ಕೊಡುತ್ತದೆ. ಟಾರ್ಚ್ ಹಿಡಿದು ಬಾಯೊಳಗೆ ನೋಡಲು ಬಲ್ಲವರಿಗೆ ಅದು ಕಾಣುತ್ತದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಶುರುವಾದ ದೊಡ್ಡ ಪ್ರಯೋಗ ಇದನ್ನೇ ಪರೀಕ್ಷೆಗೆ ಒಡ್ಡಿತು. ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು. 2005ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಮೊಬೈಲ್ ಇಲ್ಲದ ಕಾಲದ ಈ ಮಾದರಿಗೆ ಮೊಬೈಲ್ ಜೋಡಿಸುವ ಕೆಲಸ ಮುಂದೆ ನಮ್ಮ ರಾಜ್ಯದಲ್ಲಿ ನಡೆಯಿತು. ಬಯೋಕಾನ್ ಫೌಂಡೇಷನ್, ಬೆಂಗಳೂರಿನ ಕೆಎಲ್‌ಇ ದಂತ ವಿಜ್ಞಾನ ಸಂಸ್ಥೆ, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರಗಳ ತಜ್ಞರು ಸೇರಿ, ಊರಿನ ಕಾರ್ಯಕರ್ತೆ ಬಾಯಿಯ ಚಿತ್ರ ತೆಗೆದು, ಅಭ್ಯಾಸಗಳನ್ನು ದಾಖಲಿಸಿ, ದೂರದಲ್ಲಿರುವ ತಜ್ಞರಿಗೆ ಕಳಿಸುವ ವ್ಯವಸ್ಥೆ ಕಟ್ಟಿದರು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಜೊತೆಗೂಡಿ ಮಾಡಿದ, ಮೊಬೈಲಿಗೆ ವಿಶೇಷ ಬೆಳಕಿನ ಉಪಕರಣ ಜೋಡಿಸಿದ ಪ್ರಯೋಗದ ವರದಿ 2018ರಲ್ಲಿ ಬಂತು. ಸ್ಥಳದಲ್ಲಿದ್ದ ತಜ್ಞರ ತೀರ್ಮಾನವನ್ನು ಸರಿಯೆಂದು ಹಿಡಿದಾಗ ದೂರದ ತಜ್ಞರ ಮತ್ತು ಯಂತ್ರದ ತೀರ್ಮಾನಗಳ ನಿಖರತೆಯ ಅಳತೆಗಳು ಶೇ. 81ರಿಂದ 95ರ ನಡುವೆ ಇದ್ದವು. ಇಲ್ಲಿನ ಅಂಕಿ ಚರ್ಮದ ಆಪ್‌ನ ಅಂಕಿಗಿಂತ ಬಹಳ ಮೇಲೇನೂ ಇಲ್ಲ. ಆದರೂ ನಾನು ಇದನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ. ಇಲ್ಲಿ ಚಿತ್ರ ತೆಗೆಯುವವರು ತರಬೇತಾದವರು; ನೋಡಿಸಿಕೊಳ್ಳುವವರು ತಂಬಾಕಿನ ಅಭ್ಯಾಸದಿಂದಾಗಿ ನಿಜವಾಗಿಯೂ ಅಪಾಯದಲ್ಲಿರುವವರು, ಹಾಗಾಗಿ ಸುಳ್ಳು ಎಚ್ಚರಿಕೆಯ ಪಾಲು ಇಳಿಯುತ್ತದೆ; ‘ಸಂಶಯವಿದೆ’ ಎಂಬ ಉತ್ತರ ಬಂದಾಗ ಅದನ್ನು ಕೇಳಿಸಿಕೊಳ್ಳುವುದು ಒಬ್ಬಂಟಿ ರೋಗಿಯಲ್ಲ, ಮರುದಿನ ಮತ್ತೆ ಅದೇ ಬೀದಿಗೆ ಬರುವ ಕಾರ್ಯಕರ್ತೆ.

ಕ್ಯಾನ್ಸರ್ ಖಚಿತವಾಗಿ ಚಿಕಿತ್ಸೆ ನಡೆಯುತ್ತಿರುವವರ ವಿಷಯಕ್ಕೆ ಬಂದರೆ ಪುರಾವೆ ಇನ್ನೂ ಗಟ್ಟಿ. ಕಿಮೋ ನಂತರ ವಾಂತಿ, ಭೇದಿ, ಜ್ವರ, ಉಸಿರಾಟದ ತೊಂದರೆ ಬಂದಾಗ ರೋಗಿಗಳು ಮುಂದಿನ ಭೇಟಿಯವರೆಗೆ ತಡೆದುಕೊಳ್ಳುವುದು ಎಲ್ಲ ದೇಶಗಳಲ್ಲೂ ಇದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಈಥನ್ ಬಾಶ್ ಮತ್ತು ಸಂಗಡಿಗರು ಹರಡಿದ ಕ್ಯಾನ್ಸರ್ ಇದ್ದ 766 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರು ತಮ್ಮ 12 ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು, ಯಾವುದಾದರೂ ಉಲ್ಬಣಿಸಿದರೆ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. 2017ರ ವರದಿಯಂತೆ ಈ ಗುಂಪಿನ ಮಧ್ಯಮ ಆಯುಷ್ಯ 31.2 ತಿಂಗಳು, ಮಾಮೂಲು ಆರೈಕೆಯವರದು 26 ತಿಂಗಳು. ಅದೇ ವರ್ಷ ಫ್ರಾನ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ವಾರಕ್ಕೊಮ್ಮೆ ಲಕ್ಷಣ ತಿಳಿಸುವ ವ್ಯವಸ್ಥೆಯ ಸಣ್ಣ ಪ್ರಯೋಗದಲ್ಲಿ ಮಧ್ಯಮ ಆಯುಷ್ಯ 12 ತಿಂಗಳಿನಿಂದ 19ಕ್ಕೆ ಏರಿತು. ಈ ಸಂಖ್ಯೆಗಳನ್ನು ನೋಡಿ ಹಿಗ್ಗುವ ಮೊದಲು ಇನ್ನೊಂದು ಫಲಿತಾಂಶವನ್ನೂ ಹೇಳಬೇಕು. ಬಾಶ್ ಅವರೇ ಅಮೆರಿಕದ 52 ಚಿಕಿತ್ಸಾಲಯಗಳಲ್ಲಿ 1,191 ರೋಗಿಗಳ ಮೇಲೆ ನಡೆಸಿದ ನಂತರದ ದೊಡ್ಡ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ. ದೈಹಿಕ ಶಕ್ತಿ, ಬದುಕಿನ ಗುಣಮಟ್ಟ ಉತ್ತಮಗೊಂಡಿತು, ತುರ್ತು ಘಟಕಕ್ಕೆ ಓಡುವ ದಿನ ಮುಂದೆ ಹೋಯಿತು. ಎರಡು ದೊಡ್ಡ ಪ್ರಯೋಗಗಳ ನಡುವೆ ಆಯುಷ್ಯದ ವಿಷಯದಲ್ಲಿ ಹೊಂದಿಕೆಯಿಲ್ಲ. ನರಳಾಟ ಕಡಿಮೆಯಾಗುವ ವಿಷಯದಲ್ಲಿ ಇದೆ. ಯಾತನೆ ತಗ್ಗುವುದನ್ನು ನಾನು ಸಣ್ಣ ಲಾಭವೆಂದು ಎಣಿಸಲಾರೆ. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದು ಕಿಮೋ ಹಾಕಿಸಿಕೊಂಡು ಊರಿಗೆ ಮರಳುವ ರೋಗಿಗೆ, ಜ್ವರ ಬಂದ ರಾತ್ರಿ ಯಾರಿಗೆ ಹೇಳಬೇಕೆಂದು ಗೊತ್ತಿರುವುದು ಜೀವದ ಪ್ರಶ್ನೆಯೇ ಆಗಬಹುದು. ಈ ವ್ಯವಸ್ಥೆಗಳಲ್ಲಿ ತಂತ್ರಾಂಶ ತೀರ ಸರಳ, ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿ. ಕೆಲಸ ಮಾಡಿದ್ದು ಆ ಇಮೇಲ್ ಓದಿ ಫೋನ್ ಮಾಡಿದ ನರ್ಸ್.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಒಂದು ಬಹಳ ನ್ಯಾಯವಾದದ್ದು. ಆ ತುದಿಯಲ್ಲಿ ನಿಲ್ಲಿಸಲು ನಮ್ಮಲ್ಲಿ ಜನವೇ ಇಲ್ಲ. ತಜ್ಞರು ದೊಡ್ಡ ಊರುಗಳಲ್ಲಿ ಸೇರಿಕೊಂಡಿದ್ದಾರೆ. ಏನೂ ಇಲ್ಲದ ಕಡೆ ಅರ್ಧಂಬರ್ಧ ಆಪ್ ಇದ್ದರೂ ವಾಸಿ ಎನ್ನುವುದು ಅದು. ಕೊರತೆ ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ. 1.9, ಸ್ತನ ತಪಾಸಣೆ ಶೇ. 0.9, ಬಾಯಿ ತಪಾಸಣೆ ಶೇ. 0.9. ಆದರೆ ಅದೇ ಸಮೀಕ್ಷೆಯ ಇನ್ನೆರಡು ಅಂಕಿಗಳು ಈ ಆಕ್ಷೇಪವನ್ನು ಕುಂದಿಸುತ್ತವೆ. ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ. 54, ಎಂದಾದರೂ ಇಂಟರ್‌ನೆಟ್ ಬಳಸಿದವರು ಶೇ. 33. ಅಂದರೆ ಡಾಕ್ಟರ್ ತಲುಪದ ಹೆಂಗಸರಲ್ಲಿ ಬಹಳಷ್ಟು ಮಂದಿಯನ್ನು ಆಪ್ ಕೂಡ ತಲುಪುವುದಿಲ್ಲ. ಅದು ಮೊದಲು ಸೇರುವುದು ಆಸ್ಪತ್ರೆಗೆ ಹೋಗುವ ಅನುಕೂಲ ಆಗಲೇ ಇದ್ದವರ ಕೈಗೆ. ಇನ್ನು ಅರ್ಧಂಬರ್ಧ ಆಪ್ ‘ನಿಮಗೇನೂ ಇಲ್ಲ’ ಎಂದಾಗ ಅದನ್ನು ನಂಬಿ ಆರು ತಿಂಗಳು ಸುಮ್ಮನಾದವರ ಸ್ಥಿತಿ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು.

ತಂತ್ರಜ್ಞಾನ ದಿನೇ ದಿನೇ ಸುಧಾರಿಸುತ್ತಿದೆ, ಹಳೆಯ ಅಧ್ಯಯನ ಹಿಡಿದು ಕೂರಬಾರದು ಎನ್ನುವ ಮಾತಿಗೂ ಉತ್ತರ ಕೊಡಬೇಕು. ಲಕ್ಷಣ ಕೇಳಿ ಕಾಯಿಲೆ ಹೇಳುವ 23 ವ್ಯವಸ್ಥೆಗಳನ್ನು 2015ರಲ್ಲಿ ಪರೀಕ್ಷಿಸಿದಾಗ ಸರಿಯಾದ ಕಾಯಿಲೆಯನ್ನು ಮೊದಲ ಸಾಲಿನಲ್ಲಿ ಹೇಳಿದ್ದು ಶೇ. 34ರಷ್ಟು ಸಲ ಮಾತ್ರ. ಇಂದಿನವು ಅದಕ್ಕಿಂತ ಚೆನ್ನಾಗಿರಬಹುದು, ನಾಳೆಯವು ಇನ್ನೂ ಚೆನ್ನಾಗಿರಬಹುದು. ಆದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ. ಎಷ್ಟೇ ಜಾಣ ಆಪ್ ಆದರೂ ಬಯಾಪ್ಸಿಯ ಬಾಗಿಲಿನವರೆಗೆ ಮಾತ್ರ ಕರೆದೊಯ್ಯಬಲ್ಲದು, ಆ ಬಾಗಿಲು ತೆರೆದಿರಬೇಕು.

ಮೂರನೆಯ ಮಾತು ಸೂಕ್ಷ್ಮವಾದದ್ದು. ಸ್ತನದ ಬಗ್ಗೆ, ಗರ್ಭಕೊರಳಿನ ಬಗ್ಗೆ ಮನೆಯವರ ಮುಂದೆ ಬಾಯಿ ಬಿಡಲಾಗದ ಹೆಂಗಸರಿಗೆ, ಯಾರಿಗೂ ಗೊತ್ತಾಗದಂತೆ ಕೇಳಲು ಮೊಬೈಲ್ ಒಂದು ದಾರಿ ಎನ್ನುತ್ತಾರೆ. ಇದು ನಿಜವಾದ ಅಗತ್ಯ, ತಳ್ಳಿಹಾಕುವಂತಿಲ್ಲ. ಆದರೆ ಮೊಬೈಲ್ ಗುಟ್ಟು ಕಾಯುತ್ತದೆ ಎಂಬ ನಂಬಿಕೆ ಎಷ್ಟು ಸರಿ? ಔಷಧಿ ರಿಯಾಯಿತಿಗೆ ಹೆಸರಾದ ಅಮೆರಿಕದ ‘ಗುಡ್‌ಆರ್‌ಎಕ್ಸ್’ ತನ್ನ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗಳಿಗೆ ಕೊಟ್ಟಿತೆಂಬ ಆರೋಪದಲ್ಲಿ 2023ರಲ್ಲಿ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ನಮ್ಮಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಅದೇ ವರ್ಷ ಬಂದಿದೆ, ವೈದ್ಯಕೀಯ ತಂತ್ರಾಂಶವನ್ನು 2020ರಿಂದ ವೈದ್ಯಕೀಯ ಉಪಕರಣದ ನಿಯಮಗಳ ಅಡಿಗೆ ತಂದಿದ್ದಾರೆ. ಇವೆರಡನ್ನೂ ಬಿಗಿಯಾಗಿ ಜಾರಿ ಮಾಡದೆ ‘ಆರೋಗ್ಯ ಮಾಹಿತಿಗಾಗಿ ಮಾತ್ರ’ ಎಂಬ ಸಣ್ಣ ಅಕ್ಷರದ ಸಾಲಿನ ಹಿಂದೆ ಆಪ್‌ಗಳು ಅಡಗಿಕೊಳ್ಳಲು ಬಿಟ್ಟರೆ, ಹೆದರಿದವರ ಗುಟ್ಟು ಇನ್ನೊಬ್ಬರ ಸರಕಾಗುತ್ತದೆ.

ಹಾಗಾದರೆ ಸಾರ್ವಜನಿಕ ಹಣವನ್ನು ಎಲ್ಲಿ ಹಾಕಬೇಕು? ಸರ್ಕಾರದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗಳಲ್ಲಿ ಪ್ರಶ್ನಾವಳಿ ತುಂಬುತ್ತಾರೆ. ಬಾಯಿಯ ಹುಣ್ಣು, ಎದೆಯ ಗಂಟುಗಳ ಪ್ರಶ್ನೆ ಅದರಲ್ಲಿವೆ, ಆ ಮಾಹಿತಿ ಆಪ್‌ಗೂ ಹೋಗುತ್ತದೆ. ತಪಾಸಣೆಯಾದವರ ಸಂಖ್ಯೆ ಎಣಿಸುವುದು ಸುಲಭ, ಅದರ ಮುಂದಿನದೇ ಕಷ್ಟ. ಅಷ್ಟು ಶ್ರದ್ಧೆಯಿಂದ ನಡೆದ ತಿರುವನಂತಪುರದ ಪ್ರಯೋಗದಲ್ಲೂ ಸಂಶಯ ಕಂಡ 5,145 ಜನರಲ್ಲಿ ವೈದ್ಯರ ಬಳಿಗೆ ಹೋದವರು 3,218, ಅಂದರೆ ಶೇ. 63. ಉಳಿದವರು ಕೂಲಿ ತಪ್ಪುತ್ತದೆಂದೋ, ನೋವಿಲ್ಲವೆಂದೋ, ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಯಿಂದಲೋ ಮನೆಯಲ್ಲೇ ಉಳಿದಿರಬಹುದು. ಮೊಬೈಲ್ ಅತ್ಯಂತ ಚೆನ್ನಾಗಿ ಮಾಡಬಲ್ಲ ಕೆಲಸ ಇರುವುದು ಇಲ್ಲಿ: ಸಂಶಯ ಕಂಡವರ ಹೆಸರಿಗೆ ಜಿಲ್ಲಾಸ್ಪತ್ರೆಯಲ್ಲಿ ದಿನ ಗೊತ್ತುಪಡಿಸುವುದು, ಅವರು ಬರದಿದ್ದರೆ ಕಾರ್ಯಕರ್ತೆಗೆ ಅಂದೇ ಸುದ್ದಿ ಮುಟ್ಟಿಸುವುದು, ಬಸ್ಸಿನ ಖರ್ಚು ಅವರ ಖಾತೆಗೆ ಹೋಗುವಂತೆ ಮಾಡುವುದು, ಬಯಾಪ್ಸಿ ವರದಿ ಬಂದ ದಿನ ಕನ್ನಡದಲ್ಲಿ ತಿಳಿಸುವುದು. ಇಂಥ ಆಪ್‌ಗೆ ಕೊಡುವ ಹಣದ ಲೆಕ್ಕವನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂಬುದರಿಂದ ಕೇಳದೆ, ಸಂಶಯ ಕಂಡವರಲ್ಲಿ ಎಷ್ಟು ಮಂದಿಗೆ ಎಷ್ಟು ದಿನದೊಳಗೆ ಬಯಾಪ್ಸಿ ಆಯಿತು ಎಂಬುದರಿಂದ ಕೇಳಬೇಕು, ಮತ್ತು ಆ ಅಂಕಿಯನ್ನು ತಾಲ್ಲೂಕುವಾರು ಪ್ರತಿ ವರ್ಷ ಪ್ರಕಟಿಸಬೇಕು.